ಉತ್ತರ ಇಟಲಿಯ ನದಿ ದಡದ ಹಳೇ ಊರುಗಳು: ವೆರೋನಾನೋ, ಮಾಂತೊವಾನೋ, ಇಲ್ಲ ಪವೀಯಾ ಸಾಕೋ?

ಮಿಲಾನ್, ವೆನಿಸ್ ಎರಡೂ ಪ್ಲಾನ್‌ನಲ್ಲಿ ಇದ್ದೇ ಇರುತ್ತೆ, ಮಧ್ಯೆ ಒಂದೋ ಎರಡೋ ದಿನ ಉಳಿಯುತ್ತೆ, "ಹತ್ರದಲ್ಲೇ ಯಾವುದಾದ್ರೂ ಹಳೇ ಊರು, ನದಿ ಗಿದಿ ಇರೋ ಥರದ್ದು ಇದ್ರೆ ಹೇಳಿ" ಅಂತ ಊರಿಂದ ಬರೋರೆಲ್ಲ ಕೇಳ್ತಾರೆ. ಫಜೀತಿ ಏನಪ್ಪಾ ಅಂದ್ರೆ ಆ ಕಡೆ ನದಿ ಇಲ್ಲದ ಹಳೇ ಊರು ಹುಡುಕೋದೇ ಕಷ್ಟ. ಆಲ್ಪ್ಸ್ ಬೆಟ್ಟದಿಂದ ಇಳಿಯೋ ನೀರಲ್ಲಿ ಟಿಚೀನೊ, ಮಿಂಚೊ ಎಲ್ಲ ಪೋ ನದಿಗೆ ಸೇರುತ್ತೆ, ಆದಿಜೆ, ಬ್ರೆಂತಾ ತಮ್ಮ ಪಾಡಿಗೆ ತಾವು ನೇರ ಸಮುದ್ರಕ್ಕೆ ಹೋಗ್ತವೆ, ಆ ನೀರು ಹರಿಯೋ ಕಡೆಯೆಲ್ಲ ಒಂದೊಂದು ಕೋಟೆ, ಒಂದೊಂದು ಸೇತುವೆ, ಒಂದೊಂದು ರಾಜಮನೆತನ. ಅದ್ರಲ್ಲಿ ಟ್ರೇನ್‌ನಲ್ಲೇ ಹೋಗ್ಬಹುದಾದ ಐದು ಊರು ತಗೊಂಡು ಇಲ್ಲಿ ಹೋಲಿಸ್ತಿದೀನಿ: ವೆರೋನಾ, ಮಾಂತೊವಾ, ಪವೀಯಾ, ಕ್ರೆಮೋನಾ, ಬಸ್ಸಾನೊ ದೆಲ್ ಗ್ರಾಪ್ಪಾ.

ನಾನು ಅಳೆಯೋದು ಒಂದೇ ಲೆಕ್ಕದಲ್ಲಿ. ಚರ್ಚು, ಅರಮನೆ, ಚೌಕ ಎಲ್ಲ ಊರಲ್ಲೂ ಇದೆ, ಮೂರು ಊರು ನೋಡೋ ಹೊತ್ತಿಗೆ ಎಲ್ಲ ಕಲಸಿ ಹೋಗುತ್ತೆ. ಆದ್ರೆ ನದಿ ಊರು ಅಂತ ಹೋದ್ಮೇಲೆ ನದಿ ಹತ್ರ ಹೋಗಿ ಕೂತ್ಕೊಳ್ಳೋಕೆ ಆಗುತ್ತಾ, ಇಲ್ಲ ಸೇತುವೆ ಮೇಲಿಂದ ಒಂದು ಫೋಟೋ ಹೊಡ್ಕೊಂಡು ವಾಪಸ್ ಬರೋದಾ? ಇದ್ರಲ್ಲಿ ಐದಕ್ಕೂ ಐದು ಉತ್ತರ ಇದೆ, ಮತ್ತೆ ಹೆಸರು ಜೋರಾಗಿರೋ ಊರಿಗೇ ಇದ್ರಲ್ಲಿ ಮಾರ್ಕ್ಸ್ ಕಮ್ಮಿ.

ವೆರೋನಾ ಇಂದಾನೇ ಶುರು ಮಾಡ್ತೀನಿ, ಯಾಕಂದ್ರೆ ನೂರಕ್ಕೆ ತೊಂಬತ್ತು ಜನ ಅಲ್ಲಿಗೇ ಹೋಗೋದು, ಹೋಗೋದ್ರಲ್ಲಿ ತಪ್ಪೂ ಇಲ್ಲ. ಮಿಲಾನ್–ವೆನಿಸ್ ಮೇನ್ ಲೈನ್ ಮೇಲೇ ಇದೆ, ಫಾಸ್ಟ್ ಟ್ರೇನ್‌ನಲ್ಲಿ ಎರಡೂ ಕಡೆಯಿಂದ ಸುಮಾರು ಒಂದೂಕಾಲು ಗಂಟೆ, ಪೋರ್ತಾ ನುವೋವಾ ಸ್ಟೇಷನ್‌ನಲ್ಲಿ ಇಳಿದು ಒಂದೇ ನೇರ ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಡೆದ್ರೆ ಅರೇನಾ ಮುಂದೆ ಇರ್ತೀರ. ಅರೇನಾ ಅಂದ್ರೆ ಕ್ರಿ.ಶ. ಒಂದನೇ ಶತಮಾನದ ರೋಮನ್ ಬಯಲು ರಂಗಮಂದಿರ. 1117ರ ಭೂಕಂಪದ ಹೊಡೆತದಿಂದ ಹೊರಗಡೆ ಸುತ್ತು ಗೋಡೆಯಲ್ಲಿ ಈಗ ನಾಲ್ಕೇ ನಾಲ್ಕು ಕಮಾನು ನಿಂತಿದೆ, ಒಳಗಡೆ ಕಲ್ಲು ಮೆಟ್ಟಿಲು ಮಾತ್ರ ಇನ್ನೂ ಗಟ್ಟಿಮುಟ್ಟು. 1913ರಲ್ಲಿ ಸಂಗೀತಗಾರ ವೆರ್ದಿ ಹುಟ್ಟಿ ನೂರು ವರ್ಷ ಆಯ್ತು ಅಂತ ಇಲ್ಲಿ ಅವರ 'ಐದಾ' ಆಪೆರಾ (ಹಾಡಿನಲ್ಲೇ ನಡೆಯೋ ನಾಟಕ) ಆಡಿಸಿದ್ರು, ಆವತ್ತು ಶುರುವಾದ ಬೇಸಿಗೆ ಆಪೆರಾ ಇವತ್ತಿಗೂ ನಡೀತಿದೆ. ಟಿಕೆಟ್ ಕಮ್ಮಿ ರೇಟಿಂದು ಬೇಕಂದ್ರೆ ಮೇಲಿನ ಕಲ್ಲು ಮೆಟ್ಟಿಲ ಮೇಲೆ ಕೂರಬೇಕು, ಇಡೀ ದಿನದ ಬಿಸಿಲು ಕುಡಿದ ಕಲ್ಲು ರಾತ್ರಿ ಒಂಬತ್ತಕ್ಕೂ ಬೆಚ್ಚಗೇ ಇರುತ್ತೆ, ಒಂದು ದಿಂಬು ತಗೊಂಡು ಹೋಗಿ, ಇಲ್ಲಾಂದ್ರೆ ಮೂರನೇ ಅಂಕದ ಹೊತ್ತಿಗೆ ಸೊಂಟ ಹೋಗಿರುತ್ತೆ.

ಆದಿಜೆ ನದಿ ಈ ಊರನ್ನ ಎಸ್ ಆಕಾರದಲ್ಲಿ ಬಳಸ್ಕೊಂಡು ಹೋಗುತ್ತೆ, ಮ್ಯಾಪಲ್ಲಿ ನೋಡಿದ್ರೆ ಆಹಾ ಅನ್ಸುತ್ತೆ. ನೆಲದ ಮೇಲೆ ಕಥೆ ಬೇರೆ. 1882ರಲ್ಲಿ ದೊಡ್ಡ ಪ್ರವಾಹ ಬಂತು, ಅದಾದ್ಮೇಲೆ ಎರಡೂ ದಡಕ್ಕೆ ಎತ್ತರದ ಗೋಡೆ ಕಟ್ಟಿಬಿಟ್ರು, ಹಾಗಾಗಿ ನದಿ ಈಗ ಕೆಳಗೆಲ್ಲೋ ಹರೀತಿರುತ್ತೆ, ನೀವು ಮೇಲಿಂದ ಇಣುಕಬೇಕು. ಇದ್ದಿದ್ರಲ್ಲಿ ಒಳ್ಳೇ ಜಾಗ ಪೊಂತೆ ಪಿಯೆತ್ರಾ ಸೇತುವೆ. ಹಳೇ ಪೇಟೆ ಕಡೆಯಿಂದ ದಾಟೋವಾಗ ಕಾಲಡಿ ಇರೋದು ಇಟ್ಟಿಗೆಯ ಕೆಂಪು ಕಮಾನು, ಆಮೇಲೆ ಕಟ್ಟಿದ್ದು, ಬೆಟ್ಟದ ಕಡೆ ಹೋದಂಗೆ ಬಿಳಿ ಕಲ್ಲಿನ ರೋಮನ್ ಕಮಾನು ಸಿಗುತ್ತೆ, ಬದಿಗೆ ಬಂದು ನಿಂತು ನೋಡಿದ್ರೆ ಎರಡು ಬಣ್ಣ ಎಲ್ಲಿ ಕೂಡುತ್ತೆ ಅಂತ ಸ್ಪಷ್ಟ ಕಾಣುತ್ತೆ. 1945ರ ಏಪ್ರಿಲ್‌ನಲ್ಲಿ ಜರ್ಮನ್ನರು ಓಡಿ ಹೋಗ್ತಾ ಈ ಸೇತುವೆ ಸಿಡಿಸಿಬಿಟ್ರು, ಯುದ್ಧ ಮುಗಿದ್ಮೇಲೆ ಊರಿನವರು ನದಿ ತಳದಿಂದ ಕಲ್ಲು ಎತ್ತಿಸಿ ಅದೇ ಕಲ್ಲಲ್ಲೇ ಮತ್ತೆ ಕಟ್ಟಿದಾರೆ. ಅಲ್ಲಿಂದ ಮೇಲೆ ಕಾಸ್ತೆಲ್ ಸಾನ್ ಪಿಯೆತ್ರೊ ಗುಡ್ಡಕ್ಕೆ ಮೆಟ್ಟಿಲಿದೆ, ವಯಸ್ಸಾದವರಿಗೆ ಹಳಿ ಮೇಲೆ ಏರೋ ಪುಟ್ಟ ಬಂಡಿನೂ ಇದೆ, ಸಂಜೆ ಅಲ್ಲಿಂದ ಊರು, ನದಿ ಎರಡೂ ಒಟ್ಟಿಗೆ ಕಾಣುತ್ತೆ.

ಇನ್ನು ಜೂಲಿಯೆಟ್ ಮನೆ. ಆ ಬಾಲ್ಕನಿ 20ನೇ ಶತಮಾನದಲ್ಲಿ ಟೂರಿಸ್ಟರಿಗೋಸ್ಕರ ಅಂಟಿಸಿದ್ದು, ಅಂಗಳದಲ್ಲಿ ಕಾಲಿಡೋಕೆ ಜಾಗ ಇರಲ್ಲ, ಮಕ್ಕಳು ಹಠ ಮಾಡಿದ್ರೆ ಹೋಗಿ, ಇಲ್ಲಾಂದ್ರೆ ಆ ಟೈಮಲ್ಲಿ ಕಾಸ್ತೆಲ್‌ವೆಕ್ಯೊ ಕೋಟೆಗೆ ಹೋಗಿ. ಕಾರ್ಲೊ ಸ್ಕಾರ್ಪಾ ಅನ್ನೋ ಆರ್ಕಿಟೆಕ್ಟ್ ಅದನ್ನ ಮ್ಯೂಸಿಯಂ ಮಾಡಿರೋ ರೀತಿ ನೋಡೋಕೇ ಜಗತ್ತಿನ ಆರ್ಕಿಟೆಕ್ಚರ್ ಸ್ಟೂಡೆಂಟ್ಸ್ ಬರ್ತಾರೆ, ಪಕ್ಕದಲ್ಲೇ 14ನೇ ಶತಮಾನದ ಕೆಂಪು ಇಟ್ಟಿಗೆ ಸೇತುವೆ, ಅದೂ 1945ರಲ್ಲಿ ಸಿಡಿದು ಮತ್ತೆ ಎದ್ದಿದ್ದೇ.

ಈಗ ಮಾಂತೊವಾ. ನನ್ನ ಪಕ್ಷಪಾತ ಇಲ್ಲೇ ಇರೋದು, ಮುಚ್ಚುಮರೆ ಏನಿಲ್ಲ. ಮಿಂಚೊ ನದಿ ಗಾರ್ದಾ ಸರೋವರದಿಂದ ಹೊರಟು ಈ ಊರಿಗೆ ಬರುತ್ತೆ, 12ನೇ ಶತಮಾನದ ಕೊನೆಯಲ್ಲಿ ಅಲ್ಬೆರ್ತೊ ಪಿತೆಂತೀನೊ ಅನ್ನೋ ಎಂಜಿನಿಯರ್ ನದಿಗೆ ಕಟ್ಟೆ ಕಟ್ಟಿ ಊರ ಸುತ್ತ ನಾಲ್ಕು ಕೆರೆ ಮಾಡಿದ, ಶತ್ರು ಬಂದ್ರೆ ನೀರು ದಾಟೇ ಬರಬೇಕು ಅನ್ನೋ ಲೆಕ್ಕ. ಒಂದು ಕೆರೆ 18ನೇ ಶತಮಾನದಲ್ಲಿ ಬತ್ತಿಸಿದ್ರು, ಮೂರು ಇವತ್ತಿಗೂ ಇದೆ. ವೆರೋನಾ ಥರ ಗೋಡೆ ಇಲ್ಲ, ಹುಲ್ಲಿನ ದಡ, ನೇರ ನೀರಿನ ಹತ್ರ ಹೋಗಿ ಕಾಲು ಚಾಚ್ಕೊಂಡು ಕೂರಬಹುದು, ಸಾಯಂಕಾಲ ಊರಿನವರೆಲ್ಲ ನಾಯಿ, ಸೈಕಲ್, ಮಗು ಎಲ್ಲ ಕಟ್ಕೊಂಡು ಅಲ್ಲೇ ಇರ್ತಾರೆ. ಕೆರೆ ಆಚೆ ದಡದ ಸಾನ್ ಜಾರ್ಜೊ ಸೇತುವೆ ಕಡೆಯಿಂದ ನೋಡಿದ್ರೆ ಗುಮ್ಮಟ, ಗೋಪುರ, ಕೋಟೆ ಎಲ್ಲ ನೀರಿಂದಾನೇ ಎದ್ದು ಬಂದಂಗೆ ಕಾಣುತ್ತೆ, ಸೂರ್ಯ ಮುಳುಗೋ ಹೊತ್ತಿಗೆ ಅಲ್ಲಿರಿ.

ನಮ್ಮವರಿಗೆ ಖುಷಿ ಆಗೋ ಇನ್ನೊಂದು ವಿಷಯ: ಮೇಲಿನ ಕೆರೆಯಲ್ಲಿ ತಾವರೆ. ನಮ್ಮ ಕೆರೆಗಳಲ್ಲಿ ಬಿಡೋ ಅದೇ ತಾವರೆ, ಅಗಲ ಎಲೆ, ಗುಲಾಬಿ ಹೂವು. 1921ರಲ್ಲಿ ಒಬ್ಬ ಯುವತಿ, ಜೀವಶಾಸ್ತ್ರ ಓದಿದವಳು, ಗೆಡ್ಡೆ ತಿನ್ನೋಕೆ ಉಪಯೋಗ ಆಗುತ್ತೆ ಅಂತ ತಂದು ನೆಟ್ಟಳು, ತಿನ್ನೋರು ಯಾರೂ ಸಿಗಲಿಲ್ಲ, ತಾವರೆ ಮಾತ್ರ ಹಬ್ಬಿ ಹಬ್ಬಿ ಈಗ ಪ್ರತಿ ವರ್ಷ ಮಷೀನ್ ಇಟ್ಟು ಕತ್ತರಿಸೋ ಪರಿಸ್ಥಿತಿ. ಜುಲೈ, ಆಗಸ್ಟ್‌ನಲ್ಲಿ ಬೋಟ್ ಹತ್ತಿದ್ರೆ ಹೂವಿನ ಮಧ್ಯೆನೇ ಕರ್ಕೊಂಡು ಹೋಗ್ತಾರೆ. ಆದ್ರೆ ಜುಲೈ ಆಗಸ್ಟ್ ಅಂದ್ರೆ ಸೆಕೆ, ಮೂವತ್ತೈದು ಡಿಗ್ರಿ ಆರಾಮಾಗಿ ದಾಟುತ್ತೆ, ಮೇಲಿಂದ ಸೊಳ್ಳೆ. ಓಡೋಮಾಸ್ ಬ್ಯಾಗಲ್ಲಿ ಇರ್ಲಿ, ತಮಾಷೆಗೆ ಹೇಳ್ತಿಲ್ಲ.

ಅರಮನೆ ಬಗ್ಗೆ ಹೇಳ್ಬೇಕು. ಗೊನ್ಜಾಗಾ ಮನೆತನ 1328ರಿಂದ 1707ರವರೆಗೆ ಇಲ್ಲಿ ಆಳ್ತು, ಅವರ ಪಲಾತ್ಸೊ ದುಕಾಲೆಯಲ್ಲಿ ಐನೂರಕ್ಕೂ ಹೆಚ್ಚು ಕೋಣೆ. ಎಲ್ಲ ನೋಡೋಕೆ ಹೋಗ್ಬೇಡಿ, ತಲೆ ಕೆಟ್ಟು ಹೋಗುತ್ತೆ, ಕಾಮೆರಾ ದೆಲ್ಯಿ ಸ್ಪೋಜಿ ಅನ್ನೋ ಒಂದು ಕೋಣೆಗೆ ಶಕ್ತಿ ಉಳಿಸ್ಕೊಳ್ಳಿ. 1465ರಿಂದ 1474ರ ಮಧ್ಯೆ ಮಾಂತೇನ್ಯಾ ಅನ್ನೋ ಚಿತ್ರಕಾರ ಅದ್ರ ಗೋಡೆ, ಚಾವಣಿ ಮೇಲೆ ಚಿತ್ರ ಬರೆದಿದ್ದು. ಕೋಣೆ ದೊಡ್ಡದೇನಲ್ಲ. ತಲೆ ಎತ್ತಿದ್ರೆ ಚಾವಣಿ ಮಧ್ಯೆ ಗುಂಡಗೆ ತೂತಾಗಿ ಆಕಾಶ ಕಾಣ್ತಿದೆ ಅನ್ಸುತ್ತೆ, ಅದು ಬರೀ ಚಿತ್ರ. ಆ ತೂತಿನ ಕಟ್ಟೆ ಮೇಲಿಂದ ಹೆಂಗಸರು ಬಗ್ಗಿ ನಿಮ್ಮನ್ನೇ ನೋಡ್ತಿದಾರೆ, ರೆಕ್ಕೆ ಇರೋ ಮಕ್ಕಳು ಒಳಗೆ ಬರೋಕೆ ಒದ್ದಾಡ್ತಿವೆ, ಮತ್ತೆ ಗಿಡ ಇರೋ ಒಂದು ತೊಟ್ಟಿ ಬರೀ ಒಂದು ಅಡ್ಡ ಕೋಲಿನ ಮೇಲೆ ನಿಂತಿದೆ, ಯಾರಾದ್ರೂ ಆ ಕೋಲು ಎಳೆದ್ರೆ ನೇರ ನಿಮ್ಮ ತಲೆ ಮೇಲೇ. ಅದ್ರ ಕೆಳಗೆ ನಿಂತೋರು ಗೊತ್ತಿಲ್ದಂಗೆ ಒಂದು ಹೆಜ್ಜೆ ಪಕ್ಕಕ್ಕೆ ಸರೀತಾರೆ, ಗಮನಿಸಿ ನೋಡಿ. ಒಮ್ಮೆಗೆ ಇಷ್ಟೇ ಜನ ಅಂತ ಒಳಗೆ ಬಿಡೋದು, ಅದಕ್ಕೆ ಆನ್‌ಲೈನ್‌ನಲ್ಲಿ ಮುಂಚೆನೇ ಬುಕ್ ಮಾಡಿ.

ಊರಿನ ಇನ್ನೊಂದು ತುದಿಗೆ ಪಲಾತ್ಸೊ ತೆ, ಜೂಲ್ಯೊ ರೊಮಾನೊ 1525ರಿಂದ 1535ರ ಹೊತ್ತಿಗೆ ಕಟ್ಟಿದ ಮೋಜಿನ ಅರಮನೆ. ಅಲ್ಲಿ ದೈತ್ಯರ ಕೋಣೆ ಇದೆ, ಗೋಡೆಗೂ ಚಾವಣಿಗೂ ಮೂಲೆನೇ ಇಲ್ಲದ ಹಾಗೆ ಇಡೀ ಕೋಣೆ ಒಂದೇ ಚಿತ್ರ, ದೇವತೆಗಳು ಮೇಲಿಂದ ಸಿಡಿಲು ಹೊಡೀತಿದಾರೆ, ರಾಕ್ಷಸರ ಮೇಲೆ ಕಂಬ, ಬಂಡೆ ಎಲ್ಲ ಕುಸಿದು ಬೀಳ್ತಿದೆ. ಮಕ್ಕಳಿಗೆ ಇಡೀ ಇಟಲಿಯಲ್ಲಿ ನೆನಪಿರೋದು ಇದೊಂದೇ ಆಗಿರಬಹುದು. ರಿಗೊಲೆತ್ತೊ ಮನೆ ಅಂತಾನೂ ಒಂದು ತೋರಿಸ್ತಾರೆ, ಆಪೆರಾದಲ್ಲಿ ಬರೋ ಕಾಲ್ಪನಿಕ ಪಾತ್ರಕ್ಕೆ ಮನೆ ಎಲ್ಲಿಂದ ಬಂತೋ, ವೆರೋನಾ ನೋಡಿ ಕಲಿತಿರಬೇಕು.

ಮಾಂತೊವಾ ತೊಂದರೆ ಏನಂದ್ರೆ ಟ್ರೇನು. ಮಿಲಾನ್‌ನಿಂದ ರೀಜನಲ್ ಟ್ರೇನ್‌ನಲ್ಲಿ ಸುಮಾರು ಎರಡು ಗಂಟೆ, ಆ ಲೈನ್ ಬಹುಪಾಲು ಸಿಂಗಲ್ ಟ್ರ್ಯಾಕ್, ಎದುರು ಟ್ರೇನ್ ಬರೋವರೆಗೂ ಯಾವುದೋ ಹೊಲದ ಮಧ್ಯೆ ನಿಂತಿರ್ತೀರ. ವೆರೋನಾದಿಂದ ಆದ್ರೆ ಮುಕ್ಕಾಲು ಗಂಟೆ ಚಿಲ್ಲರೆ. ಹಾಗಾಗಿ ಬುದ್ಧಿವಂತಿಕೆ ಅಂದ್ರೆ ವೆರೋನಾದಲ್ಲಿ ರೂಮ್ ಮಾಡಿ ಮಾಂತೊವಾಕ್ಕೆ ಹೋಗಿ ಬರೋದು, ಇಲ್ಲ ಇನ್ನೂ ಬುದ್ಧಿವಂತಿಕೆ ಅಂದ್ರೆ ಉಲ್ಟಾ ಮಾಡೋದು, ಯಾಕಂದ್ರೆ ಆಪೆರಾ ಸೀಸನ್‌ನಲ್ಲಿ, ಮತ್ತೆ ಏಪ್ರಿಲ್‌ನಲ್ಲಿ ವೈನ್ ಮೇಳ ನಡೆಯೋವಾಗ ವೆರೋನಾ ಹೋಟೆಲ್ ರೇಟ್ ಮುಟ್ಟೋಕಾಗಲ್ಲ. ಸೈಕಲ್ ಹುಚ್ಚು ಇರೋರಿಗೆ ಗಾರ್ದಾ ದಡದ ಪೆಸ್ಕಿಯೆರಾದಿಂದ ಮಾಂತೊವಾವರೆಗೆ ಮಿಂಚೊ ಪಕ್ಕದಲ್ಲೇ ನಲವತ್ತು ಕಿಲೋಮೀಟರ್ ಚಿಲ್ಲರೆ ಸೈಕಲ್ ದಾರಿ ಇದೆ, ಏರು ಅಂತ ಏನೂ ಇಲ್ಲ.

ಕೈಯಲ್ಲಿ ಇರೋದೇ ಅರ್ಧ ದಿನ, ಮಿಲಾನ್ ಬಿಟ್ಟು ದೂರ ಹೋಗೋಕೆ ಆಗಲ್ಲ ಅನ್ನೋರಿಗೆ ಪವೀಯಾ. ಮಿಲಾನ್‌ನಿಂದ ಅರ್ಧ ಗಂಟೆ, ಎಸ್13 ಲೋಕಲ್ ಹಿಡಿದ್ರೆ ಸ್ವಲ್ಪ ಜಾಸ್ತಿ. ಟೂರಿಸ್ಟ್ ಗಲಾಟೆ ಕಮ್ಮಿ, ಸ್ಟೂಡೆಂಟ್ಸ್ ಗಲಾಟೆ ಜಾಸ್ತಿ, ಯಾಕಂದ್ರೆ ಯೂನಿವರ್ಸಿಟಿ 1361ರದ್ದು. ಬ್ಯಾಟರಿ ಕಂಡುಹಿಡಿದ ವೋಲ್ಟಾ ಇಲ್ಲಿ ಪಾಠ ಮಾಡಿದ್ದು, ಹುಡುಗ ಐನ್‌ಸ್ಟೈನ್ ಕುಟುಂಬ 1895ರ ಸುಮಾರಿಗೆ ಇಲ್ಲೇ ಇತ್ತು, ಅಪ್ಪ ಚಿಕ್ಕಪ್ಪ ಸೇರಿ ವಿದ್ಯುತ್ ಯಂತ್ರದ ಕಾರ್ಖಾನೆ ನಡೆಸ್ತಿದ್ರು. ಒಂದು ಕಾಲದಲ್ಲಿ ಲಾಂಬಾರ್ಡ್ ರಾಜರ ರಾಜಧಾನಿ ಬೇರೆ. ಯೂನಿವರ್ಸಿಟಿ ಅಂಗಳಗಳಲ್ಲಿ ಸುಮ್ನೆ ಓಡಾಡಿ, ಹಿಂದೆ ಎತ್ತರದ ಮೂರು ಹಳೇ ಗೋಪುರ ನಿಂತಿದೆ. ಇನ್ನೊಂದು ದೊಡ್ಡ ಗೋಪುರ, ಕೆಥೆಡ್ರಲ್ ಪಕ್ಕದ್ದು, 1989ರ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂಗೆ ಕುಸಿದು ನಾಲ್ಕು ಜನ ಸತ್ರು, ಅದ್ರ ಬುಡ ಇನ್ನೂ ಹಾಗೇ ಬಿಟ್ಟಿದಾರೆ.

ಕೋಟೆಯಿಂದ ಸ್ತ್ರಾದಾ ನುವೋವಾ ಅನ್ನೋ ರಸ್ತೆ ನೇರ ಇಳೀತಾ ಇಳೀತಾ ಟಿಚೀನೊ ನದಿ ಮೇಲಿನ ಮಾಡು ಇರೋ ಸೇತುವೆಗೆ ತಂದು ಬಿಡುತ್ತೆ. ಹಳೇದು ಅಂತ ಕಾಣುತ್ತೆ, ಹಳೇದಲ್ಲ. 14ನೇ ಶತಮಾನದ ಅಸಲಿ ಸೇತುವೆ 1944ರ ಬಾಂಬ್ ದಾಳಿಯಲ್ಲಿ ಹಾಳಾಯ್ತು, ಇದು ಸ್ವಲ್ಪ ಆಚೆಗೆ 1951ಕ್ಕೆ ಕಟ್ಟಿ ಮುಗಿಸಿದ್ದು. ನೀರು ಕಮ್ಮಿ ಇದ್ದಾಗ ಪಕ್ಕದಲ್ಲಿ ಹಳೇ ಕಂಬಗಳ ಬುಡ ನೀರಿಂದ ತಲೆ ಎತ್ಕೊಂಡು ಇರೋದು ಕಾಣುತ್ತೆ. ಸೇತುವೆ ದಾಟಿದ್ರೆ ಬೋರ್ಗೊ ಟಿಚೀನೊ, ಬಣ್ಣಬಣ್ಣದ ಸಾಲು ಮನೆ, ದಡದಲ್ಲಿ ಬಟ್ಟೆ ಒಗೆಯೋ ಹೆಂಗಸಿನ ಒಂದು ವಿಗ್ರಹ ಇದೆ, ಇಲ್ಲಿ ಬದುಕಿದ ಅಗಸಗಿತ್ತಿಯರ ನೆನಪಿಗೆ. ನದಿ ಉಕ್ಕಿದ್ರೆ ಈ ಮನೆಗಳಿಗೆ ನೀರು ನುಗ್ಗುತ್ತೆ, ಆದ್ರೂ ಗೋಡೆ ಕಟ್ಟಿ ಮುಚ್ಚಿಲ್ಲ, ಹಾಗಾಗಿ ನೀರಿನ ಪಕ್ಕಾನೇ ನಡೀಬಹುದು. ಈಜೋಕೆ ಮಾತ್ರ ಇಳೀಬೇಡಿ, ಮೇಲೆ ಶಾಂತ, ಒಳಗೆ ಸೆಳೆತ ಜಾಸ್ತಿ.

ಪವೀಯಾಕ್ಕೆ ಹೋಗೋರು ಎಂಟು ಕಿಲೋಮೀಟರ್ ಈಚೆ ಇರೋ ಚೆರ್ತೋಜಾ ಮಠಾನೂ ಸೇರಿಸ್ಕೊಳ್ಳಿ, 1396ರಲ್ಲಿ ವಿಸ್ಕೊಂತಿ ದೊರೆ ಶುರು ಮಾಡಿಸಿದ್ದು, ಅಮೃತಶಿಲೆಯ ಮುಂಭಾಗದ ಮೇಲೆ ಒಂದಿಂಚು ಜಾಗ ಖಾಲಿ ಬಿಟ್ಟಿಲ್ಲ, ಕೆತ್ತಿದಾರೆ ಕೆತ್ತಿದಾರೆ, ಬೇಲೂರು ನೋಡಿದ ಕಣ್ಣಿಗೂ ಒಂದು ನಿಮಿಷ ನಿಲ್ಲಬೇಕು ಅನ್ಸುತ್ತೆ. ಎಸ್13 ಅಲ್ಲಿ ನಿಲ್ಲುತ್ತೆ, ಸ್ಟೇಷನ್‌ನಿಂದ ಮಠದ ಗೋಡೆ ಸುತ್ತಿ ನಡೀಬೇಕು. ಬಾಗಿಲು ತೆಗೆಯೋ ಟೈಮ್ ಋತು ನೋಡ್ಕೊಂಡು ಬದಲಾಗುತ್ತೆ, ಚೆಕ್ ಮಾಡಿಯೇ ಹೊರಡಿ.

ಕ್ರೆಮೋನಾ ಸಂಗೀತದವರಿಗೆ, ಬೇರೆಯವರಿಗೆ ನಾನು ಒತ್ತಾಯ ಮಾಡಲ್ಲ. ನದಿ ಲೆಕ್ಕದಲ್ಲಿ ಕೊನೇ ಸ್ಥಾನ, ಪೋ ನದಿ ಊರ ಮಧ್ಯದಿಂದ ಎರಡು ಕಿಲೋಮೀಟರ್ ಆಚೆ, ಅಗಲವಾಗಿ, ಮಂದವಾಗಿ, ಪಾಪ್ಲರ್ ಮರಗಳ ಮಧ್ಯೆ ಹೋಗ್ತಿರುತ್ತೆ, ಊರಿಗೆ ಬೆನ್ನು ಹಾಕಿದ ಹಾಗೆ. ಆದ್ರೆ ಅಮಾತಿ, ಗ್ವಾರ್ನೇರಿ, ಸ್ತ್ರಾದಿವಾರಿ ಎಲ್ಲ ಪಿಟೀಲು ಮಾಡಿದ್ದು ಇದೇ ಓಣಿಗಳಲ್ಲಿ, ಈಗ್ಲೂ ನೂರಕ್ಕೂ ಹೆಚ್ಚು ವರ್ಕ್‌ಶಾಪ್ ಇದೆ. ನಡ್ಕೊಂಡು ಹೋಗ್ತಾ ಕಿಟಕಿ ಒಳಗೆ ನೋಡಿ, ಇನ್ನೂ ವಾರ್ನಿಶ್ ಬಳೀದೇ ಇರೋ ಬಿಳಿಚಿಕೊಂಡ ಪಿಟೀಲುಗಳು ತಂತಿಗೆ ನೇತಾಕಿರ್ತಾರೆ, ಬೆಳಕು ಬಿದ್ದು ಮರ ಬಣ್ಣ ತಿರುಗ್ಲಿ ಅಂತ. 2013ರಲ್ಲಿ ತೆರೆದ ಪಿಟೀಲು ಮ್ಯೂಸಿಯಂನಲ್ಲಿ ಕೆಲವು ದಿನ ಆ ಹಳೇ ವಾದ್ಯಗಳನ್ನೇ ತೆಗೆದು ನುಡಿಸ್ತಾರೆ, ಅದ್ರ ದಿನಾಂಕ ನೋಡ್ಕೊಂಡು ಹೋದ್ರೆ ಟಿಕೆಟ್ ದುಡ್ಡು ವಸೂಲ್. 2019ರಲ್ಲಿ ಸ್ತ್ರಾದಿವಾರಿ ಪಿಟೀಲಿನ ನಾದ ರೆಕಾರ್ಡ್ ಮಾಡೋಕೆ ಸುತ್ತಲಿನ ರಸ್ತೆಗೆ ಗಾಡಿ ಬಿಡದೆ, ಗದ್ದಲ ಮಾಡ್ಬೇಡಿ ಅಂತ ಊರಿನವರನ್ನೇ ಕೇಳ್ಕೊಂಡಿದ್ರು, ಅಂಥ ಊರು ಇದು. ಮೈಸೂರು ಚೌಡಯ್ಯನವರು ಏಳು ತಂತಿ ಹಾಕಿ ನುಡಿಸಿದ, ಬೆಂಗಳೂರಲ್ಲಿ ಒಂದು ಸಭಾಂಗಣವನ್ನೇ ಅದ್ರ ಆಕಾರದಲ್ಲಿ ಕಟ್ಟಿಸ್ಕೊಂಡ ವಾದ್ಯಕ್ಕೆ ಈ ರೂಪ ಬಂದಿದ್ದು ಇಲ್ಲಿಂದಲೇ ಅಂತ ನಿಂತು ನೋಡೋವಾಗ ಕರ್ನಾಟಕ ಸಂಗೀತ ಕಲಿತವರಿಗೆ ಬೇರೆ ಥರಾನೇ ಅನ್ಸುತ್ತೆ. ಮಂಡಿ ಗಟ್ಟಿ ಇದ್ರೆ ತೊರಾತ್ಸೊ ಗೋಪುರ ಹತ್ತಿ, 502 ಮೆಟ್ಟಿಲು, ಲಿಫ್ಟ್ ಇಲ್ಲ.

ಬಸ್ಸಾನೊ ಇದ್ರಲ್ಲೆಲ್ಲ ಬೇರೆ ಜಾತಿ. ಇಲ್ಲಿ ಬಯಲು ಮುಗಿದು ಬೆಟ್ಟ ಶುರು, ಬ್ರೆಂತಾ ನದಿ ತಣ್ಣಗೆ, ಜೋರಾಗಿ, ಸದ್ದು ಮಾಡ್ಕೊಂಡು ಬರುತ್ತೆ. ನೋಡೋದು ಮುಖ್ಯವಾಗಿ ಒಂದೇ, 1569ರಲ್ಲಿ ಪಲ್ಲಾದ್ಯೊ ಅನ್ನೋ ಆರ್ಕಿಟೆಕ್ಟ್ ವಿನ್ಯಾಸ ಮಾಡಿದ ಮರದ ಸೇತುವೆ. 1748ರಲ್ಲಿ ನೆರೆ ಕೊಚ್ಕೊಂಡು ಹೋಯ್ತು, 1813ರಲ್ಲಿ ಸುಟ್ಟರು, 1945ರಲ್ಲಿ ಮತ್ತೆ ಹಾಳಾಯ್ತು, ಪ್ರತಿ ಸಲಾನೂ ಊರಿನವರು ಹಠ ಹಿಡಿದು ಅದೇ ನಕ್ಷೆ ಪ್ರಕಾರ ಮರದಲ್ಲೇ ಕಟ್ಟಿದಾರೆ, ಕಾಂಕ್ರೀಟ್ ಮಾತೇ ಇಲ್ಲ. ಕೊನೇ ದೊಡ್ಡ ರಿಪೇರಿ ಮುಗಿದಿದ್ದು 2021ರಲ್ಲಿ. ಸೇತುವೆ ಬಾಯಲ್ಲೇ 1779ರ ನಾರ್ದೀನಿ ಗ್ರಾಪ್ಪಾ (ದ್ರಾಕ್ಷಿ ಸಿಪ್ಪೆಯಿಂದ ಇಳಿಸೋ ಮದ್ಯ) ಅಂಗಡಿ, ಜನ ಗ್ಲಾಸ್ ಹಿಡ್ಕೊಂಡು ಸೇತುವೆ ಮೇಲೇ ನಿಂತಿರ್ತಾರೆ. ವೆನಿಸ್‌ನಿಂದ ಸುಮಾರು ಒಂದೂಕಾಲು ಗಂಟೆ, ಹಾಗಾಗಿ ವೆನಿಸ್‌ನಲ್ಲಿ ಇಳ್ಕೊಂಡೋರಿಗೆ ಇದು ಸರಿ, ಮಿಲಾನ್‌ನಿಂದ ಹೋಗಿ ಬರೋ ಸಾಹಸ ಬೇಡ. ಹತ್ರದ ಮಾರೋಸ್ತಿಕಾದಲ್ಲಿ ಸಮಸಂಖ್ಯೆಯ ವರ್ಷಗಳ ಸೆಪ್ಟೆಂಬರ್‌ನಲ್ಲಿ ಮನುಷ್ಯರನ್ನೇ ಕಾಯಿ ಮಾಡಿ ಚೆಸ್ ಆಡ್ತಾರೆ, ಆ ಟೈಮಿಗೆ ಬಿದ್ರೆ ಬಿಡ್ಬೇಡಿ.

ಊಟದ ವಿಷಯ, ವೆಜ್ ಜನಕ್ಕೆ ವಿಶೇಷವಾಗಿ. ಗೆಲ್ಲೋದು ಮಾಂತೊವಾ, ಕುಂಬಳಕಾಯಿ ಹೂರಣ ತುಂಬಿದ ತೊರ್ತೆಲ್ಲಿ ಪಾಸ್ತಾ ಅಲ್ಲಿಯ ಮನೆ ಮನೆ ಅಡುಗೆ, ಸಿಹಿ ಸಿಹಿಯಾಗಿ ಬೆಣ್ಣೆ ಸೇಜ್ ಎಲೆ ಹಾಕಿ ಕೊಡ್ತಾರೆ. ಬಾದಾಮಿಯ ಸ್ಬ್ರಿಸೊಲೋನಾ ಅನ್ನೋ ಗಟ್ಟಿ ಕೇಕನ್ನ ಚಾಕು ಹಾಕದೆ ನಮ್ಮ ಚಿಕ್ಕಿ ಥರ ಕೈಯಲ್ಲೇ ಮುರಿದು ತಿನ್ನೋದು, ಆದ್ರೆ ಹಳೇ ಪದ್ಧತಿಯಲ್ಲಿ ಹಂದಿ ಕೊಬ್ಬು ಹಾಕ್ತಾರೆ, ಕೇಳಿ ತಗೊಳ್ಳಿ. ಬಸ್ಸಾನೊದಲ್ಲಿ ವಸಂತಕ್ಕೆ ಬಿಳಿ ಆಸ್ಪರಾಗಸ್ ಮೊಟ್ಟೆ ಜೊತೆ. ವೆರೋನಾ ಮೆನುವಿನಲ್ಲಿ ಕವಾಲ್ಲೊ ಅಂತಿದ್ರೆ ಕುದುರೆ, ಮಾಂತೊವಾದಲ್ಲಿ ಆಸಿನೊ ಅಂತಿದ್ರೆ ಕತ್ತೆ. ಕ್ರೆಮೋನಾದ ಮಾರುಬೀನಿ ಪಾಸ್ತಾ, ಪವೀಯಾ ಸೂಪ್ ಎರಡಕ್ಕೂ ಮಾಂಸದ ಸಾರು ಇರುತ್ತೆ, ರಿಸೊತ್ತೊಗೂ ಎಷ್ಟೋ ಕಡೆ ಅದನ್ನೇ ಹಾಕೋದು, ಹಾಗಾಗಿ ಮಾಂಸ ಬೇಡ ಅಂದ್ರಷ್ಟೇ ಸಾಲದು, ಸಾರು ತರಕಾರಿದಾ ಅಂತಾನೂ ಕೇಳ್ಬೇಕು. ಪಾರ್ಮೆಸಾನ್, ಗ್ರಾನಾ ಚೀಸ್ ಎರಡರಲ್ಲೂ ಹಾಲು ಹೆಪ್ಪುಗಟ್ಟಿಸೋಕೆ ಕರುವಿನ ಹೊಟ್ಟೆಯ ರೆನೆಟ್ ಹಾಕ್ತಾರೆ, ಕಟ್ಟುನಿಟ್ಟಿನವರು ಗಮನಿಸಿ. ಕ್ರೆಮೋನಾ, ಮಾಂತೊವಾ ಸುತ್ತಲ ಹಳ್ಳಿಗಳ ಹೈನುಗಾರಿಕೆಯಲ್ಲಿ ತುಂಬ ಪಂಜಾಬಿಗಳಿದಾರೆ, ಕ್ರೆಮೋನಾ ಹತ್ರದ ಪೆಸ್ಸೀನಾದಲ್ಲಿ ದೊಡ್ಡ ಗುರುದ್ವಾರಾನೇ ಇದೆ, ಬೇಳೆ ಹಿಟ್ಟು ಸಿಗೋದು ಕಷ್ಟ ಇಲ್ಲ. ಹೋಟೆಲ್ ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿದ್ರೆ ಮತ್ತೆ ಸಂಜೆ ಏಳರ ಮೇಲೇ, ಮೂರು ಗಂಟೆಗೆ ಊಟ ಅಂತ ಹೋದ್ರೆ ಬಾರ್‌ನಲ್ಲಿ ತಣ್ಣನೆ ಸ್ಯಾಂಡ್‌ವಿಚ್ಚೇ ಗತಿ.

ಕಾರ್ ಬಾಡಿಗೆಗೆ ತಗೊಳ್ಳೋರು ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ ಇಟ್ಕೊಳ್ಳಿ, ಹಳೇ ಪೇಟೆ ಒಳಗೆ ಕ್ಯಾಮೆರಾ ಕಾವಲಿನ ನಿರ್ಬಂಧಿತ ವಲಯ ಇರುತ್ತೆ, ನುಗ್ಗಿದ್ರೆ ಫೈನ್ ತಿಂಗಳುಗಟ್ಟಲೆ ಆದ್ಮೇಲೆ ಮನೆ ಹುಡ್ಕೊಂಡು ಬರುತ್ತೆ. ಈ ಊರುಗಳಿಗೆ ಕಾರೇ ಬೇಡ ಅಂತ ನನ್ನ ಅಭಿಪ್ರಾಯ. ಏಪ್ರಿಲ್, ಮೇ, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೇದು. ನವೆಂಬರ್‌ನಿಂದ ಜನವರಿವರೆಗೆ ಪೋ ಬಯಲಲ್ಲಿ ಮಂಜು ಕವಿದ್ರೆ ದಿನಗಟ್ಟಲೆ ಬಿಡಲ್ಲ, ಪವೀಯಾ ಸೇತುವೆ ಮೇಲೆ ನಿಂತ್ರೆ ನದಿನೇ ಕಾಣಲ್ಲ, ಕೆಲವರಿಗೆ ಅದೇ ಇಷ್ಟ. ಸೋಮವಾರ ಸುಮಾರು ಮ್ಯೂಸಿಯಂ ಬಾಗಿಲು ಹಾಕಿರುತ್ತೆ, ಮಾಂತೊವಾ ಅರಮನೆನೂ ಸೇರಿ.

ಹೀಗೆ ಮಾಡಿ: ಅಪ್ಪ ಅಮ್ಮ ಜೊತೆ, ಮೊದಲ ಸಲ, ಒಂದೇ ದಿನ ಅಂದ್ರೆ ವೆರೋನಾ, ವಾದ ಬೇಡ. ಎರಡು ರಾತ್ರಿ ಇದ್ರೆ ಮಾಂತೊವಾದಲ್ಲಿ ಉಳ್ಕೊಳ್ಳಿ, ಮೊದಲ ದಿನ ಅರಮನೆ, ಸಂಜೆ ಕೆರೆ ದಡ, ಎರಡನೇ ದಿನ ಬೆಳಿಗ್ಗೆನೇ ವೆರೋನಾಕ್ಕೆ ಹೋಗಿ ಬನ್ನಿ. ಟಿಕೆಟ್ ರೀಜನಲ್ ಸಾಕು, ಮುಂಚೆ ಬುಕ್ ಮಾಡೋದೂ ಬೇಡ, ಕಾಗದದ ಟಿಕೆಟ್ ಆದ್ರೆ ಪ್ಲಾಟ್‌ಫಾರ್ಮ್ ಮಷೀನ್‌ನಲ್ಲಿ ಸ್ಟ್ಯಾಂಪ್ ಹಾಕಿಸ್ಕೊಳ್ಳಿ, ಮೊಬೈಲ್ ಟಿಕೆಟ್ ಆದ್ರೆ ಹತ್ತೋ ಮುಂಚೆ ಚೆಕ್ ಇನ್ ಒತ್ತಿ, ಮತ್ತೆ ವೆರೋನಾದಲ್ಲಿ ರಾತ್ರಿ ಊಟಕ್ಕೆ ಕೂರೋ ಮುಂಚೆ ಮಾಂತೊವಾಕ್ಕೆ ಕೊನೇ ಟ್ರೇನ್ ಎಷ್ಟೊತ್ತಿಗೆ ಅಂತ ನೋಡ್ಕೊಳ್ಳಿ, ಆಪೆರಾ ಮುಗಿಯೋ ಹೊತ್ತಿಗಂತೂ ಯಾವ ಟ್ರೇನೂ ಕಾಯ್ತಾ ಇರಲ್ಲ.